ಮುಳ್ಳು ಬಿಡಿಸುವ ಕೈ

ನಮ್ಮ ಮಹಡಿಯಲ್ಲಿ ಲಿಫ್ಟಿಗೆ ಹತ್ತಿರದ ಮನೆಯೊಂದನ್ನು ಒಡೆದು ಹೊಸದಾಗಿ ಕಟ್ಟುತ್ತಿದ್ದಾರೆ. ದುಬೈಯ ಜುಮೇರಾ ಲೇಕ್ ಟವರ್ಸ್‌ನ ಈ ಕಟ್ಟಡದಲ್ಲಿ ಯಾರಾದರೊಬ್ಬರು ಸದಾ ಏನನ್ನಾದರೂ ಒಡೆಸುತ್ತಲೇ ಇರುತ್ತಾರೆ. ಮಗಳ ಮನೆಗೆ ಬಂದು ನೆಲೆಸಿದ ಮೇಲೆ ಆ ಸದ್ದು ನನಗೆ ಅಭ್ಯಾಸವಾಗಿದೆ. ಆದರೆ ಕಳೆದ ವಾರ ಬಾಗಿಲಿನ ಸಂದಿಯಿಂದ ಒಳಗೆ ಬಂದದ್ದು ಒಂದು ವಾಸನೆ. ಸ್ನಾನದ ಕೋಣೆಗೆ ಫೈಬರ್ ಹೊದಿಸುತ್ತಿದ್ದರೆಂದು ಕಾಣುತ್ತದೆ. ಅದಕ್ಕೆ ಬಳಸುವ ರೆಸಿನ್ ಎಂಬ ರಾಳದ ವಾಸನೆ ಮೊದಲು ಅತಿಯಾಗಿ ಕಳಿತ ಬಾಳೆಹಣ್ಣಿನಂತೆ ಸಿಹಿಯಾಗಿ ಬರುತ್ತದೆ. ಮರುಕ್ಷಣ ಗಂಟಲನ್ನು ಒಳಗಿನಿಂದ ಗೀರುತ್ತದೆ.

"ಪಪ್ಪಾ, ಡೋರ್ ಹಾಕಿ ಮಾರಾಯ್ರೆ. ಆ ಕೆಮಿಕಲ್ ನಿಮ್ಗೆ ಒಳ್ಳೇದಲ್ಲ," ಎಂದಳು ಮಗಳು ಅಡುಗೆಮನೆಯಿಂದ.

ನಾನು ಸ್ವಲ್ಪ ಹೊತ್ತು ಹಾಕಲಿಲ್ಲ. ಆ ವಾಸನೆಯ ಹಿಂದಿನಿಂದ ಒಂದು ಕೆಮ್ಮು ಕೇಳಿಸಬೇಕಿತ್ತು, ಕೇಳಿಸಲಿಲ್ಲ...

ಹತ್ತು ಹನ್ನೆರಡು ವರ್ಷಗಳ ಹಿಂದೆ ಅಬುಧಾಬಿಯ ಮುಸಾಫಾದಲ್ಲಿ, ಹೋಟೆಲುಗಳಿಗೂ ಮದುವೆ ಹಾಲುಗಳಿಗೂ ಅಲಂಕಾರದ ಸಾಮಾನು ಮಾಡಿಕೊಡುವ ಕಾರ್ಖಾನೆಯೊಂದರಲ್ಲಿ ನಾನು ಸ್ಟೋರ್ ಕೀಪರ್ ಆಗಿದ್ದೆ. ರೋಮನ್ ಕಂಬ, ಗ್ರೀಕ್ ದೇವತೆ, ಈಜಿಪ್ಟಿನ ಬೆಕ್ಕು, ಯಾವ ಕಾಲದ ಯಾವ ದೇಶದ ವಸ್ತುವನ್ನು ಕೇಳಿದರೂ ಜಿಪ್ಸಮ್ಮಿನಲ್ಲಿಯೋ ಫೈಬರಿನಲ್ಲಿಯೋ ಅಲ್ಲಿ ತಯಾರಾಗುತ್ತಿತ್ತು. ಅಚ್ಚಿನ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ. ಉಡುಪಿ ಕಡೆಯ ಕ್ರೈಸ್ತರು, ಮನೆಮಾತು ಕೊಂಕಣಿ. ಹರೆಯದಲ್ಲಿ ಊರ ಇಗರ್ಜಿಗಳಿಗೆ ಸಂತರ ಮೂರ್ತಿಗಳನ್ನು ಮಾಡುತ್ತಿದ್ದವರು ಆ ಕೈಗಳನ್ನೇ ನಂಬಿ ಗಲ್ಫಿಗೆ ಬಂದಿದ್ದರು. ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಹಳೆಯ ಕಟ್ಟಡವೊಂದರಲ್ಲಿ ಒಂದೇ ಕೋಣೆಯನ್ನು ಪ್ಲೈವುಡ್ಡಿನಿಂದ ಪಾಲು ಮಾಡಿ ಆಚೆ ಅವರು, ಈಚೆ ನಾನು ಇದ್ದೆವು. ಅವರ ಕೆಮ್ಮು ನನಗೆ ಕೇಳುತ್ತಿತ್ತು. ನಾನು ಪುಟ ತಿರುಗಿಸುವುದು ಅವರಿಗೆ ಕೇಳುತ್ತಿತ್ತು.

ನಾನು ಹತ್ತನೆಯ ತರಗತಿಯ ಆಚೆಗೆ ಶಾಲೆ ಕಂಡವನಲ್ಲ. ಈ ದೇಶವನ್ನು ಬಿಟ್ಟು ಹೋಗುವವರು ಕಟ್ಟಡದ ಕೆಳಗೆ ಇಟ್ಟು ಹೋದ ಪುಸ್ತಕದ ಪೆಟ್ಟಿಗೆಗಳಿಂದ ಓದು ಕಲಿತೆ. ಯಾರೂ ಕಲಿಸಲಿಲ್ಲವಾದ್ದರಿಂದ ಯಾರನ್ನೂ ನಂಬಲೇಬೇಕೆಂಬ ಋಣವೂ ನನಗೆ ಅಂಟಲಿಲ್ಲ. ನನ್ನ ಈ ಓದನ್ನು ಕಂಡು ಮೇಸ್ತ್ರಿ ನನ್ನನ್ನು 'ಮಾಷ್ಟ್ರೇ' ಎಂದು ಕರೆಯತೊಡಗಿದರು. ಅದರಲ್ಲಿ ಅರ್ಧ ಗೌರವ, ಅರ್ಧ ಗೇಲಿ.

ಅವರ ಬಗ್ಗೆ ಬರೆಯಲು ಈ ವಾಸನೆಯೊಂದೇ ಕಾರಣವಲ್ಲ. ಕೆಲವು ತಿಂಗಳ ಹಿಂದೆ ಇಲ್ಲಿಯ ಊದ್ ಮೇಥಾದಲ್ಲಿ ನಮ್ಮ ಕಡೆಯವರು ಸೇರಿದ್ದ ಒಂದು ಊಟದಲ್ಲಿ ಯಾರೋ ಅವರ ಸುದ್ದಿ ತೆಗೆದರು. ಪಕ್ಕದ ಕುರ್ಚಿಯ ಗೃಹಸ್ಥರು ಚಮಚವನ್ನು ಕೆಳಗಿಡದೆ, "ಓ, ಅವ್ನಾ? ಹೆಂಡ್ತಿ ಸತ್ರೂ ಹೋಗ್ದೆ ಇಲ್ಲೇ ಗೊಂಬೆ ಮಾಡ್ತಾ ಕೂತವ ಅಲ್ವಾ?" ಎಂದರು. ಮೇಜಿನ ಸುತ್ತಲಿನ ತಲೆಗಳೆಲ್ಲ ಆಡಿದವು. ಕಲ್ಲೆದೆಯ ಮನುಷ್ಯ ಎಂದರು ಒಬ್ಬರು. ಆ ಮೇಜಿನಲ್ಲಿದ್ದ ಯಾರೂ ನಮ್ಮ ಕಾರ್ಖಾನೆಯ ಒಳಗೆ ಕಾಲಿಟ್ಟವರಲ್ಲ. ಒಬ್ಬ ಹೇಳಿದ್ದನ್ನು ಇನ್ನೊಬ್ಬ, ಅವನು ಹೇಳಿದ್ದನ್ನು ಮತ್ತೊಬ್ಬ... ಚರಿತ್ರೆ ಎನ್ನುವುದು ಬಹುಪಾಲು ಹೀಗೆಯೇ ತಯಾರಾಗುತ್ತದೆ ಎಂಬುದು ನನ್ನ ಬಹುಕಾಲದ ಗುಮಾನಿ. ನಾನು ಕಂಡದ್ದನ್ನು ಇಲ್ಲಿ ಇಡುತ್ತೇನೆ.

ಆ ವರ್ಷ ದುಬೈಯ ಹೊಸ ಹೋಟೆಲೊಂದರ ಇಟಾಲಿಯನ್ ರೆಸ್ಟೋರೆಂಟಿಗೆ ಬಾಗಿಲ ಬಳಿ ಇಡುವ ಮೂರ್ತಿಯೊಂದರ ಕೆಲಸ ನಮಗೆ ಬಂತು. ಒಳಾಂಗಣದ ವಿನ್ಯಾಸ ಮಾಡುತ್ತಿದ್ದ ಯುರೋಪಿನ ಹೆಂಗಸು, ನಾವೆಲ್ಲ ಮೇಡಂ ಎನ್ನುತ್ತಿದ್ದವರು, ಫೋಟೋಗಳ ಕಟ್ಟನ್ನು ತಂದು ಮೇಸ್ತ್ರಿಯ ಮುಂದೆ ಹರಡಿದರು. ಹಾಸಿಗೆಯ ಮೇಲೆ ಒಂದೇ ದಿಂಬಿಗೆ ಒರಗಿಕೊಂಡ ಗಂಡ ಹೆಂಡತಿ. ಹೆಂಡತಿ ಮುಂದೆ, ಗಂಡ ಅವಳ ಹಿಂದೆ, ಅವನ ತೋಳು ಅವಳ ಹೆಗಲ ಮೇಲೆ. ಇಬ್ಬರ ಕಣ್ಣೂ ಬಾದಾಮಿಯ ಆಕಾರ, ಇಬ್ಬರ ತುಟಿಯಲ್ಲೂ ಅಳಿಸಲಾಗದ ನಗೆ. ಸುಟ್ಟ ಜೇಡಿಮಣ್ಣಿನ ಬಣ್ಣ. ಇದು ಔತಣದ ಜೋಡಿ, ಊಟಕ್ಕೆ ಬಂದವರನ್ನು ಸ್ವಾಗತಿಸಲಿಕ್ಕೆ, ಎಂದರು ಮೇಡಂ.

ನನಗೆ ಆ ಚಿತ್ರವನ್ನು ಎಲ್ಲಿಯೋ ಕಂಡ ನೆನಪು. ರಾತ್ರಿ ನನ್ನ ಪೆಟ್ಟಿಗೆಗಳಲ್ಲಿ ಹುಡುಕಿ ಪುಸ್ತಕವನ್ನು ತೆಗೆದೆ. ಮರುದಿನ ಚಹದ ಹೊತ್ತಿಗೆ ಮೇಸ್ತ್ರಿಗೆ ಹೇಳಿದೆ: ರೋಮ್ ಇನ್ನೂ ದೊಡ್ಡದಾಗುವ ಮೊದಲು ಇಟಲಿಯ ನಡುಭಾಗದಲ್ಲಿ ಎಟ್ರುಸ್ಕನ್ನರೆಂಬ ಜನ ಇದ್ದರು. ಅವರ ಮನೆಗಳು ಅಳಿದವು, ಅವರು ಬರೆದ ಪುಸ್ತಕಗಳು ಅಳಿದವು, ಗೋರಿಗಳು ಮಾತ್ರ ಉಳಿದವು. ಈ ಜೋಡಿ ಅಂಥದೊಂದು ಗೋರಿಯಲ್ಲಿ ಸಿಕ್ಕಿದ್ದು. ಇದು ಶವಪೆಟ್ಟಿಗೆಯ ಮುಚ್ಚಳ.

ಮೇಸ್ತ್ರಿ ಕೈಯಲ್ಲಿದ್ದ ಚಹದ ಲೋಟವನ್ನು ಕೆಳಗಿಟ್ಟು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಆಮೇಲೆ ನಗತೊಡಗಿದರು. ನಗೆ ಕೆಮ್ಮಾಗಿ, ಕೆಮ್ಮು ಮತ್ತೆ ನಗೆಯಾಯಿತು.

"ಅಂದ್ರೆ ಎಂತ ಮಾಷ್ಟ್ರೇ, ಪಿಜ್ಜಾ ತಿನ್ಲಿಕ್ಕೆ ಬರುವವ್ರಿಗೆ ಬಾಗ್ಲಲ್ಲೇ ಹೆಣ ತೋರಿಸುದಾ? ಮುಚ್ಚಳ ನಾವು ಮಾಡುದು. ಪೆಟ್ಟಿಗೆ ಎಲ್ಲುಂಟು?"

"ಪೆಟ್ಟಿಗೆ ಅವರಿಗೆ ಬೇಡವಂತೆ," ಎಂದೆ.

"ಹಾಗಾದ್ರೆ ಮೇಡಂಗೆ ಹೇಳ್ಬೇಡಿ. ಪಾಪ, ಅವ್ರಿಗೆ ಗೊತ್ತಿದ್ರೂ ಹೋಟ್ಲಿನವ್ರಿಗೆ ಗೊತ್ತಿರ್ಲಿಕ್ಕಿಲ್ಲ. ಈ ಕೆಲ್ಸ ಹೋದ್ರೆ ಮತ್ತೆ ಬೆಕ್ಕು ಮಾಡ್ಬೇಕಾಗ್ತದೆ."

ಆ ಪುಸ್ತಕ ಹೇಳುತ್ತಿದ್ದುದು ಹೀಗೆ: ಗ್ರೀಕರಲ್ಲಿ ಮರ್ಯಾದಸ್ಥ ಹೆಂಗಸು ಗಂಡಸರ ಔತಣಕ್ಕೆ ಬರುವಂತಿರಲಿಲ್ಲ. ಎಟ್ರುಸ್ಕನ್ ಹೆಂಡತಿಯಾದರೋ ಗಂಡನ ಜೊತೆಗೆ ಒಂದೇ ಆಸನದಲ್ಲಿ ಒರಗಿ ಉಣ್ಣುತ್ತಿದ್ದಳು. ಅವಳಿಗೆ ಅವಳದೇ ಹೆಸರಿತ್ತು. ಮಕ್ಕಳ ಗೋರಿಯ ಮೇಲೆ ತಂದೆಯ ಹೆಸರಿನ ಜೊತೆ ತಾಯಿಯದನ್ನೂ ಕೆತ್ತುತ್ತಿದ್ದರು. ಆದ್ದರಿಂದ ಅದು ಹೆಣ್ಣಿಗೆ ಸಮಾನ ಸ್ಥಾನವಿದ್ದ, ದಾಂಪತ್ಯ ಸುಖದ ಸಮಾಜ. ಮುಚ್ಚಳದ ಮೇಲಿನ ನಗೆಯೇ ಅದಕ್ಕೆ ಸಾಕ್ಷಿ.

ನನಗೆ ಈ 'ಆದ್ದರಿಂದ' ಜೀರ್ಣವಾಗಲಿಲ್ಲ. ಅದೇ ಚಿತ್ರಗಳಲ್ಲಿ ತಟ್ಟೆ ಹಿಡಿದು ನಿಂತ ಆಳುಗಳೂ ಇದ್ದರು. ಬಡಿಸಿದವರ ಮುಚ್ಚಳವನ್ನು ಆ ಪುಸ್ತಕದ ಯಾವ ಪುಟದಲ್ಲಿಯೂ ನಾನು ಕಾಣಲಿಲ್ಲ. ನಗೆಯೂ ಅಷ್ಟೆ. ಆ ಕಾಲದ ಮೂರ್ತಿಗಳೆಲ್ಲ ಹಾಗೆಯೇ ನಗುತ್ತವೆ. ಯುದ್ಧದಲ್ಲಿ ಸಾಯುತ್ತಿರುವವನೂ ನಗುತ್ತಾನೆ. ಇನ್ನು ಆ ಮುಖಗಳು ಸತ್ತವರನ್ನೇ ಹೋಲುತ್ತವೆ ಎಂಬುದೂ ನಂಬುವ ಮಾತಲ್ಲ. ಕೊನೆಗಾಲದಲ್ಲಿ ಅವರು ಬೂದಿ ತುಂಬುವ ಚಿಕ್ಕ ಪೆಟ್ಟಿಗೆಗಳನ್ನು ಮಾಡುತ್ತಿದ್ದರು. ಎಷ್ಟೋ ಪೆಟ್ಟಿಗೆಗಳ ಮೇಲಿನ ಮೂರ್ತಿಯ ಮೈಯನ್ನು ಅಚ್ಚಿನಿಂದ ಒಂದೇ ರೀತಿ ತೆಗೆದಿಟ್ಟುಕೊಂಡಿರುತ್ತಿದ್ದರಂತೆ. ಇದನ್ನು ಕೇಳಿದಾಗ ಮೇಸ್ತ್ರಿ ಬಹಳ ಖುಷಿಪಟ್ಟರು. ನಮ್ಮಲ್ಲಿಯೂ ಅದೇ ರೂಢಿ. ಗೋಡೆಯ ಉದ್ದಕ್ಕೂ ತಲೆಯಿಲ್ಲದ ಮೈಗಳು ಸಾಲಾಗಿ ನಿಂತಿರುತ್ತಿದ್ದವು. ಗಿರಾಕಿ ಕೇಳಿದಂತೆ ತಲೆ ಕೂರಿಸುವುದು.

"ಹಾಗಾದ್ರೆ ಅವ್ರೂ ನಮ್ಮವ್ರೇ," ಎಂದರು.

ಆದರೆ ಒಂದು ವಿಷಯದಲ್ಲಿ ನಾವಿಬ್ಬರೂ ಕೊನೆಯವರೆಗೆ ಒಪ್ಪಲಿಲ್ಲ. ಆ ದಂಪತಿಯ ಕೈಗಳಲ್ಲಿ ಒಂದು ಕಾಲಕ್ಕೆ ಏನೋ ಇತ್ತು. ಅದು ಮುರಿದು ಹೋಗಿದೆ. ಹೆಂಡತಿಯ ಒಂದು ಕೈ ಬೆರಳು ಮಡಿಸಿ ಗಾಳಿಯಲ್ಲಿ ನಿಂತಿದೆ. ಗಂಡನ ಅಂಗೈ ತೆರೆದುಕೊಂಡಿದೆ. ಸುಗಂಧದ ಎಣ್ಣೆಯ ಕುಡಿಕೆ ಇದ್ದಿರಬಹುದು ಎನ್ನುತ್ತಾರೆ ಕೆಲವರು. ಹಣ್ಣೋ ಮೊಟ್ಟೆಯೋ ಎನ್ನುವವರೂ ಇದ್ದಾರೆ. ಮೇಸ್ತ್ರಿ ಆ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಕುಡಿಕೆಯೂ ಇಲ್ಲ ಗಿಡಿಕೆಯೂ ಇಲ್ಲ. ಮೀನಿನ ಮುಳ್ಳು ಬಿಡಿಸಿ ಕೊಡುವ ಕೈ ಅದು. ಬೆರಳು ನೋಡಿ ಮಾರಾಯ್ರೆ. ಮುಳ್ಳು ತೆಗ್ದಾಯ್ತು, ತುಂಡು ಬೆರಳಲ್ಲುಂಟು, ಅವ ಕೈ ಒಡ್ಡಿದ್ದಾನೆ."

"ಅವರು ನಮ್ಮ ಹಾಗೆ ಬಂಗುಡೆ ತಿನ್ನುತ್ತಿದ್ದರೆಂದು ಯಾರು ಹೇಳಿದರು ನಿಮಗೆ?"

"ತಿನ್ತಿರ್ಲಿಲ್ಲ ಅಂತ ನಿಮ್ಮ ಪುಸ್ತಕದಲ್ಲಿ ಉಂಟಾ?"

ಇರಲಿಲ್ಲ. ಆದರೂ ಅವರು ತಪ್ಪು ಎಂದೇ ನನ್ನ ವಾದ, ಈಗಲೂ ಅದೇ. ಬೇರೆ ಚಿತ್ರಗಳಲ್ಲಿ ಎಣ್ಣೆಯ ಕುಡಿಕೆ ಸ್ಪಷ್ಟವಾಗಿದೆ. ಸತ್ತವರಿಗೆ ಸುಗಂಧ ಹಚ್ಚುವುದಕ್ಕೆ ಅರ್ಥವೂ ಇದೆ. ಇದನ್ನೆಲ್ಲ ನಾನು ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಂಡು, "ಆಯ್ತು ಮಾಷ್ಟ್ರೇ, ನೀವು ಓದಿದವ್ರು," ಎಂದು ಮುಗುಳುನಕ್ಕರು. ಒಪ್ಪಿದ ಲಕ್ಷಣವೇನೂ ಕಾಣಲಿಲ್ಲ.

ಆ ತಪ್ಪು ಎಲ್ಲಿಂದ ಹುಟ್ಟಿತೆಂಬುದು ನನಗೆ ಆಮೇಲೆ ಗೊತ್ತಾಯಿತು. ಅವರ ವೀಸಾದಲ್ಲಿ ಬರೆದಿದ್ದ ಹುದ್ದೆಗೆ ಸಂಸಾರವನ್ನು ಕರೆಸಿಕೊಳ್ಳುವ ಯೋಗವಿರಲಿಲ್ಲ. ಎರಡು ವರ್ಷಕ್ಕೊಮ್ಮೆ ರಜೆ. ಮದುವೆಯಾಗಿ ಇಪ್ಪತ್ತೈದು ವರ್ಷ ದಾಟಿತ್ತು. ಇಬ್ಬರೂ ಒಟ್ಟಿಗೆ ಉಂಡ ದಿನಗಳನ್ನೆಲ್ಲ ಕೂಡಿಸಿದರೆ ಎರಡು ವರ್ಷ ಆದೀತೋ ಇಲ್ಲವೋ. ಇಲ್ಲಿಯ ಮೆಸ್ಸಿನಲ್ಲಿ ಸಿಗುತ್ತಿದ್ದುದು ಮುಳ್ಳಿಲ್ಲದ ದೊಡ್ಡ ಮೀನಿನ ತುಂಡುಗಳು. ಅವನ್ನೇ ವರ್ಷಗಟ್ಟಲೆ ತಿಂದು ಅವರ ನಾಲಿಗೆ ಮುಳ್ಳಿನ ಎಚ್ಚರವನ್ನೇ ಮರೆತಿತ್ತು. ಒಂದು ರಜೆಯಲ್ಲಿ, ಊರು ತಲುಪಿದ ಮೊದಲ ದಿನವೇ, ಬಂಗುಡೆಯ ಮುಳ್ಳು ಗಂಟಲಲ್ಲಿ ನಿಂತು ಆಸ್ಪತ್ರೆಗೆ ಓಡಬೇಕಾಯಿತಂತೆ. ಕಡಲ ಬದಿಯಲ್ಲಿ ಹುಟ್ಟಿದ ಗಂಡಸಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಅಂದಿನಿಂದ ಅವರ ಹೆಂಡತಿ, ಚಿಕ್ಕ ಮಗುವಿಗೆ ಮಾಡುವಂತೆ, ಪಕ್ಕದಲ್ಲಿ ಕುಳಿತು ಮುಳ್ಳು ಬಿಡಿಸಿ ಅವರ ತಟ್ಟೆಗೆ ಹಾಕುತ್ತಿದ್ದರು. ಐಸ್ ಹಾಕಿದ ಮೀನನ್ನು ಆಕೆ ಮನೆಯೊಳಗೆ ಸೇರಿಸುತ್ತಿರಲಿಲ್ಲವಂತೆ. ದೋಣಿಯಿಂದ ಇಳಿದದ್ದೇ ಆಗಬೇಕು, ಇಲ್ಲವಾದರೆ ಅಂದು ಸಾಂಬಾರು.

"ಕಣ್ಣಿಂದ ನೋಡುದಿಲ್ಲ ಅವ್ಳು," ಎಂದಿದ್ದರು ಮೇಸ್ತ್ರಿ. "ಮಾತಾಡ್ತಾ ಇರ್ತಾಳೆ, ಬೆರಳು ಅದ್ರಷ್ಟಕ್ಕೇ ಹುಡ್ಕುತ್ತದೆ."

ಮೂರ್ತಿಯ ಕೆಲಸ ಸಾಗುತ್ತಿದ್ದಂತೆ ಅವರೊಂದು ಯೋಜನೆ ಹಾಕಿದರು. ಹೋಟೆಲಿನ ಕೆಲಸ ಮುಗಿದೊಡನೆ ಹೆಂಡತಿಯನ್ನು ವಿಸಿಟ್ ವೀಸಾದಲ್ಲಿ ಕರೆಸುವುದು. ಪರಿಚಯದವರೊಬ್ಬರ ಮನೆಯಲ್ಲಿ ಅಷ್ಟು ದಿನಕ್ಕೆ ಒಂದು ಕೋಣೆ ಸಿಗುವುದಿತ್ತು. ಮೂರ್ತಿಯನ್ನು ಅವಳಿಗೆ ತೋರಿಸಬೇಕು, ಆ ರೆಸ್ಟೋರೆಂಟಿನಲ್ಲೇ ಒಂದು ಹೊತ್ತು ಇಬ್ಬರೂ ಕುಳಿತು ಉಣ್ಣಬೇಕು. ಅಷ್ಟೇ ಅವರ ಆಸೆ. ಪ್ಲೈವುಡ್ಡಿನ ಆಚೆಯಿಂದ ಫೋನಿನಲ್ಲಿ ಕೊಂಕಣಿಯಲ್ಲಿ ಜಗಳವೂ ಕೇಳಿಸುತ್ತಿತ್ತು. ವಿಮಾನದಲ್ಲಿ ಕೂರಲು ಹೆದರಿಕೆ, ಅಂಗಳದ ಮಲ್ಲಿಗೆ ಗಿಡಕ್ಕೆ ನೀರು ಹಾಕುವವರಿಲ್ಲ, ಉಡಲು ಸೀರೆಯಿಲ್ಲ... ಕೊನೆಗೆ ಆಕೆ ಒಪ್ಪಿದರು. ಆ ದಿನ ಮೇಸ್ತ್ರಿ ನನ್ನ ಪಾಲಿಗೂ ಒಂದು ಗ್ಲಾಸು ಚಹ ತರಿಸಿ, "ಬರ್ತಾಳಂತೆ. ಅಲ್ಲಿ ಮೀನು ಫ್ರೆಶ್ ಉಂಟಾ ಕೇಳಿದ್ಲು," ಎಂದರು.

ಸುದ್ದಿ ಬಂದದ್ದು ಒಂದು ಬೆಳಿಗ್ಗೆ, ಕೆಲಸದ ನಡುವೆ. ಹೆಂಡತಿಯ ತಮ್ಮ ಫೋನ್ ಮಾಡಿದ್ದ. ಇಗರ್ಜಿಯ ಬೆಳಗಿನ ಪೂಜೆಗೆ ಹೋಗಿ ಬಂದ ಅವನ ಅಕ್ಕ ಹೊಸ್ತಿಲ ಬಳಿ ಕುಸಿದರಂತೆ. ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತು. ಮೇಸ್ತ್ರಿಯ ಕೈತುಂಬ ಮೆತ್ತಿದ್ದ ಜೇಡಿಮಣ್ಣು ಫೋನಿಗೂ ಮೆತ್ತಿತು. ಅವರು ಅದನ್ನು ಅಂಗಿಗೆ ಒರೆಸಿದರು, ಮತ್ತೆ ಒರೆಸಿದರು, ಒರೆಸುತ್ತಲೇ ಇದ್ದರು.

ಆಗ ಅವರ ಪಾಸ್‌ಪೋರ್ಟ್ ಅವರ ಬಳಿ ಇರಲಿಲ್ಲ. ವೀಸಾ ನವೀಕರಣಕ್ಕೆಂದು ವಲಸೆ ಕಚೇರಿಗೆ ಹೋಗಿತ್ತು. ಸರ್ಕಾರಿ ಕಚೇರಿಗಳ ಕೆಲಸ ನೋಡಿಕೊಳ್ಳುವವನನ್ನು ಇಲ್ಲಿ ಮಂದೂಬ್ ಎನ್ನುತ್ತಾರೆ. ನಮ್ಮ ಮಂದೂಬ್ ಕೆಟ್ಟವನಲ್ಲ. ಪಾಪ, ಅಂದು ಎರಡು ಕಡೆ ಓಡಿ ಬಂದ. ಆದರೆ ಅವನ ಬಾಯಲ್ಲಿ ಇದ್ದದ್ದು ಒಂದೇ ಮಾತು: ಬುಕ್ರಾ, ನಾಳೆ. ನಾಳೆ ಖಂಡಿತವಾ ಎಂದು ನಾನು ಕೇಳಿದೆ. ಅವನು ಆಕಾಶದ ಕಡೆಗೆ ಕೈ ತೋರಿಸಿದ.

ನಮ್ಮ ಕರಾವಳಿಯ ಕ್ರೈಸ್ತರಲ್ಲಿ ಒಂದು ರೂಢಿ ಬೆಳೆದಿದೆ. ಊರಲ್ಲಿ ಯಾರಾದರೂ ತೀರಿಕೊಂಡರೆ ಗಲ್ಫಿನಲ್ಲಿರುವ ಗಂಡನೋ ಮಗನೋ ಬರುವ ತನಕ ಹೆಣವನ್ನು ಆಸ್ಪತ್ರೆಯ ಶೈತ್ಯಾಗಾರದಲ್ಲಿ ಇಡುತ್ತಾರೆ. ಹೆಣವಿಡುವ ತಂಪು ಪೆಟ್ಟಿಗೆಗಳು ಅಲ್ಲಿ ಖಾಲಿ ಇರುವುದೇ ಅಪರೂಪ. ಮಧ್ಯಾಹ್ನ ಹೆಂಡತಿಯ ತಮ್ಮ ಮತ್ತೆ ಫೋನ್ ಮಾಡಿದ. ಮೇಸ್ತ್ರಿ ಕೈಯ ಮಣ್ಣನ್ನು ಇನ್ನೂ ತೊಳೆದಿರಲಿಲ್ಲವಾದ್ದರಿಂದ ಸ್ಪೀಕರ್ ಹಾಕಿ ಫೋನನ್ನು ನಾನೇ ಹಿಡಿದೆ. ಮಾತು ಕೊಂಕಣಿಯಲ್ಲಿ ನಡೆಯಿತು; ಅಷ್ಟು ಕೊಂಕಣಿ ನನಗೆ ಅರ್ಥವಾಗುತ್ತದೆ.

"ಭಾವಾ, ನೀವು ಬರುವ ತನಕ ಇಡುದು ಅಲ್ವಾ? ಫಾದರ್ ಕೇಳ್ತಿದ್ದಾರೆ."

"ಎಷ್ಟು ದಿನ?"

"ಅದು ನೀವು ಹೇಳ್ಬೇಕು."

ಮೇಸ್ತ್ರಿ ಗೋಡೆಯ ಬದಿಯ ತಲೆಯಿಲ್ಲದ ಮೈಗಳ ಕಡೆಗೆ ತಿರುಗಿದರು. ಆಚೆಯಿಂದ ಆತ "ಭಾವಾ, ಭಾವಾ" ಎನ್ನುತ್ತಿದ್ದ.

"ಐಸಿನಲ್ಲಿ ಇಡ್ಬೇಡ," ಎಂದರು ಕೊನೆಗೆ. "ಅವ್ಳಿಗೆ ಆಗುದಿಲ್ಲ ಅದು. ನಾಳೆಯೇ ಮಣ್ಣು ಕೊಡಿ."

ಇದು ನಡೆದದ್ದು. ಊದ್ ಮೇಥಾದ ಊಟದ ಮೇಜಿನಲ್ಲಿ 'ಹೋಗದೆ ಕೂತವ' ಎಂದು ಉಳಿದುಕೊಂಡಿರುವುದು ಇದೇ.

ಮರುದಿನ ಅಂತ್ಯಸಂಸ್ಕಾರವನ್ನು ನನ್ನ ಫೋನಿನ ಪರದೆಯಲ್ಲಿ ನೋಡಿದೆವು. ಯಂತ್ರಗಳನ್ನು ನಿಲ್ಲಿಸಿ ಎಲ್ಲರೂ ಹಿಂದೆ ನಿಂತಿದ್ದರು. ಮಲಯಾಳಿಗಳು, ಪಠಾಣರು, ನೇಪಾಳಿಗಳು. ಶವಪೆಟ್ಟಿಗೆ ಸಾದಾ ಹಲಗೆಯದು. ಇಗರ್ಜಿಯ ಗಂಟೆ ಕೇಳಿಸಿತು, ಯಾರದೋ ಅಳು ಕೇಳಿಸಿತು. ಪೆಟ್ಟಿಗೆ ಇಳಿಯುವಾಗ ಚಿತ್ರ ಒಮ್ಮೆ ಅಲುಗಿ ನಿಂತುಬಿಟ್ಟಿತು. ಯಾವುದೋ ಹೆಂಗಸಿನ ಕೈ, ಹಿಡಿ ಮಣ್ಣು, ಗಾಳಿಯಲ್ಲಿ ಹಾಗೆಯೇ... ನಾನು ಫೋನನ್ನು ಕಿಟಕಿಯ ಬಳಿ ಒಯ್ದೆ, ಹೊರಗೆ ಬಿಸಿಲಿಗೆ ಒಯ್ದೆ. ಮತ್ತೆ ಸಂಪರ್ಕ ಸಿಗುವಾಗ ಗುಂಡಿ ತುಂಬಿತ್ತು.

ಪಾಸ್‌ಪೋರ್ಟ್ ಬರುವಾಗ ಏಳನೆಯ ದಿನದ ಪೂಜೆಯೂ ಕಳೆದಿತ್ತು. ಮ್ಯಾನೇಜರ್ ತಾನಾಗಿಯೇ ಕರೆದು ರಜೆ ಕೊಡುತ್ತೇನೆಂದ. "ಈಗ ಹೋಗಿ ಎಂತ ಮಾಡ್ಲಿಕ್ಕೆ?" ಎಂದು ಮೇಸ್ತ್ರಿ ಮತ್ತೆ ಜೇಡಿಮಣ್ಣಿಗೆ ಕೈ ಹಾಕಿದರು. ಮೂರ್ತಿಯ ಮೈಗಳು ಆಗಲೇ ಸಿದ್ಧವಾಗಿದ್ದವು. ಗಂಡನ ತಲೆಯೂ ಫೋಟೋದಂತೆ, ಚೂಪು ಗಡ್ಡದೊಂದಿಗೆ, ತಯಾರಾಗಿತ್ತು. ಉಳಿದದ್ದು ಹೆಂಡತಿಯ ತಲೆ ಮಾತ್ರ.

ಅವರು ಮಾಡಿದ ಹೆಣ್ಣುಮುಖಗಳನ್ನೆಲ್ಲ ನಾನು ಬಲ್ಲೆ. ವೀನಸ್ ಇರಲಿ, ಕ್ಲಿಯೋಪಾತ್ರ ಇರಲಿ, ಎಲ್ಲರಿಗೂ ಕೊನೆಗೆ ಇಗರ್ಜಿಯ ಮೇರಿ ಮಾತೆಯ ಕಣ್ಣೇ ಬರುತ್ತಿತ್ತು. ರೆಪ್ಪೆ ಇಳಿಸಿದ ಕಣ್ಣು. ಈ ಮುಖ ಹಾಗಿರಲಿಲ್ಲ. ನೇರವಾಗಿ ನೋಡುತ್ತಿತ್ತು. ಕೆಳತುಟಿ ಒಂದು ಬದಿಯಲ್ಲಿ ಸ್ವಲ್ಪ ಒಳಗೆ ಸರಿದಿತ್ತು, ಏನನ್ನೋ ಹೇಳಲು ಹೊರಟು ಹೋಗಲಿ ಎಂದು ಬಿಟ್ಟವರಂತೆ. ಐವತ್ತು ದಾಟಿದ ಹೆಂಗಸಿನ ಕೆನ್ನೆ, ಐವತ್ತು ದಾಟಿದ ಕುತ್ತಿಗೆ. ಆಕೆಯನ್ನು ನಾನು ಒಮ್ಮೆಯೂ ಕಂಡವನಲ್ಲ. ಕಂಡೊಡನೆ ಗುರುತು ಹಿಡಿದೆ.

ಮೇಡಂ ಬಂದು ಆ ತಲೆಯ ಮುಂದೆ ಬಹಳ ಹೊತ್ತು ನಿಂತರು. ಸುಂದರವಾಗಿದೆ ಎಂದರು. ನಿಜವಾಗಿಯೇ ಹೇಳಿದರೆಂದು ನನ್ನ ನಂಬಿಕೆ. ಆಮೇಲೆ ಫೋಟೋ ತೆಗೆದು ತುಟಿಯ ಮೇಲೆ ಬೆರಳಿಟ್ಟರು. "ಬಟ್ ಶೀ ಮಸ್ಟ್ ಸ್ಮೈಲ್. ದಿ ಕ್ಲೈಂಟ್ ವಾಂಟ್ಸ್ ಎ ಹ್ಯಾಪಿ ಕಪಲ್." ನಾನು ಅವರನ್ನು ಬದಿಗೆ ಕರೆದು ವಿಷಯ ತಿಳಿಸಿದೆ. ಅವರು ಹತ್ತಿರದ ರೆಸಿನ್ ಡಬ್ಬದ ಮೇಲೆ ಕುಳಿತು ಕಣ್ಣೊರೆಸಿಕೊಂಡರು. ಸ್ವಲ್ಪ ಹೊತ್ತಿನ ಬಳಿಕ ಎದ್ದು, ದಯವಿಟ್ಟು ಅವರಿಗೆ ಹೇಳಿ, ನನಗೆ ಬಹಳ ದುಃಖವಾಗಿದೆ, ಆದರೆ ನಗೆ ಬೇಕೇ ಬೇಕು, ಎಂದರು.

ಹೇಳುವ ಅಗತ್ಯ ಬೀಳಲಿಲ್ಲ. "ಓಕೆ ಮೇಡಂ, ಸ್ಮೈಲ್. ನೋ ಪ್ರಾಬ್ಲಂ," ಎಂದರು ಮೇಸ್ತ್ರಿ.

ಮೇಡಂ ಹೋದ ಮೇಲೆ ನಾನು ಸಿಟ್ಟಾದೆ. ವಾದಿಸಬಹುದಿತ್ತು, ಮ್ಯಾನೇಜರನ ಹತ್ತಿರ ಮಾತಾಡಬಹುದಿತ್ತು ಎಂದೆ.

"ಬಿಡಿ ಮಾಷ್ಟ್ರೇ. ನಾನೂ ರಾತ್ರಿ ಯೋಚ್ನೆ ಮಾಡಿದೆ. ಹೋಟ್ಲಿನ ಬಾಗ್ಲಲ್ಲಿ ಅವ್ಳನ್ನು ಮಲಗಿಸಿ, ಪಕ್ಕದಲ್ಲಿ ಯಾರೋ ಗಡ್ಡದವನನ್ನು ಕೂರ್ಸಿ, ಅವ ಹೆಗಲ ಮೇಲೆ ಕೈ ಹಾಕಿ... ಅವ್ಳಿಗೆ ಸರಿ ಬರ್ಲಿಕ್ಕಿಲ್ಲ. ನನ್ಗೂ ಸರಿ ಬರುದಿಲ್ಲ."

ಆ ಶುಕ್ರವಾರ ರಜೆ. ಮಧ್ಯಾಹ್ನ ಅವರು ನನ್ನನ್ನು ಕಾರ್ಖಾನೆಗೆ ಕರೆದೊಯ್ದರು. ಮಣ್ಣಿನ ತಲೆಯಿಂದ ಆಗಲೇ ಅಚ್ಚು ತೆಗೆದು, ಜಿಪ್ಸಮ್ಮಿನಲ್ಲಿ ಒಂದು ಎರಕ ಹೊಯ್ದು ಇಟ್ಟಿದ್ದರು. ಬಿಳಿಯ ತಲೆ, ಬಣ್ಣ ಹಚ್ಚದ್ದು. ಮೂಲದ ಮಣ್ಣನ್ನು ಮತ್ತೆ ತೊಟ್ಟಿಗೆ ಹಾಕಿ ಮಿದ್ದಿದ್ದರು. ಅದೇ ಮಣ್ಣಿನಿಂದ ನಗುವ ತಲೆ ಎದ್ದಿತ್ತು. ಫೈಬರಿನ ಮೂರ್ತಿ ಒಳಗೆ ಟೊಳ್ಳು. ಮೇಲೆ ದಂಪತಿ, ಕೆಳಗೆ ಹಾಸಿಗೆ. ತಳದ ಹಲಗೆಯನ್ನು ಕೊನೆಗೆ ಮುಚ್ಚುವುದು. ಅಂದು ಮೂರ್ತಿಯನ್ನು ಕವುಚಿ ಹಾಕಿದ್ದರು.

"ಊರಲ್ಲಿ ಅವ್ಳಿಗೆ ಕಲ್ಲಿಲ್ಲ," ಎಂದರು.

ನನಗೆ ಗೊತ್ತಿರಲಿಲ್ಲ, ಅವರೇ ತಿಳಿಸಿದರು. ಅವರ ಇಗರ್ಜಿಯ ಸ್ಮಶಾನದಲ್ಲಿ ಹೆಸರು ಕೆತ್ತಿದ ಶಾಶ್ವತ ಗೋರಿ ಇರುವುದು ಕೆಲವು ಹಳೆಯ ಮನೆತನಗಳಿಗೆ ಮಾತ್ರ. ಉಳಿದವರದ್ದು ಸಾಲು ಗುಂಡಿಗಳು. ಮರದ ಶಿಲುಬೆ ನೆಡುತ್ತಾರೆ. ಕೆಲವು ವರ್ಷಗಳಾದ ಮೇಲೆ ಆ ಗುಂಡಿಯನ್ನು ತೆರೆದು, ಸಿಕ್ಕ ಎಲುಬುಗಳನ್ನು ಬದಿಗೆ ಹಾಕಿ, ಇನ್ನೊಬ್ಬರಿಗೆ ಕೊಡುತ್ತಾರೆ.

ತಲೆಯನ್ನು ಅವರು ಹಳೆಯದೊಂದು ಬಿಳಿ ಬನಿಯನ್ನಿನಲ್ಲಿ ಸುತ್ತಿ, ಮೂರ್ತಿಯನ್ನು ನೆಟ್ಟಗೆ ಇಟ್ಟಾಗ ಮುಖ ಮೇಲೆ ಬರುವಂತೆ ಆ ಟೊಳ್ಳಿನೊಳಗೆ ಇಟ್ಟರು. ಸುತ್ತಲೂ ಮರದ ಹೊಟ್ಟು ತುಂಬಿದರು. ನಾನು ರೆಸಿನ್ ಕಲಸಿ ಕೊಟ್ಟೆ. ಫೈಬರಿನ ಹಾಳೆ ಹಾಸಿ, ಬ್ರಷ್ಷಿನಿಂದ ಒತ್ತಿ ಒತ್ತಿ, ಗಾಳಿಯ ಗುಳ್ಳೆ ಒಂದೂ ಉಳಿಯದಂತೆ ತಳವನ್ನು ಮುಚ್ಚಿದರು. ತುಟಿಗಳು ಆಡುತ್ತಿದ್ದವು; ದನಿ ಇರಲಿಲ್ಲ. ದೇವರ ವಿಷಯದಲ್ಲಿ ಯಾವ ಮತದವರಿಗೂ ನನ್ನನ್ನು ಒಪ್ಪಿಸಲಾಗಿಲ್ಲ. ಆದರೂ ಅಂದು ಟೋಪಿ ತೆಗೆದು ನಿಂತೆ. ರೆಸಿನ್ ಬಿಸಿಯಾಗಿ ಗಟ್ಟಿಯಾಗುವ ತನಕ ಇಬ್ಬರೂ ಅಲ್ಲೇ ನಿಂತಿದ್ದೆವು. ಆ ಮುಚ್ಚಳಕ್ಕೆ ಕೊನೆಗೂ ಪೆಟ್ಟಿಗೆ ಸಿಕ್ಕಿತು.

ಇನ್ನೊಂದು ಕೆಲಸವನ್ನೂ ಅವರು ಮಾಡಿದ್ದರು. ಮೂರ್ತಿ ಲಾರಿ ಹತ್ತುವಾಗಲೇ ನಾನು ಅದನ್ನು ಗಮನಿಸಿದ್ದು. ಫೋಟೋದಲ್ಲಿ ಹೆಂಡತಿಯ ಬೆರಳುಗಳ ನಡುವೆ ಒಂದು ಕುಡಿಕೆ ಹಿಡಿಯುವಷ್ಟು ಸಂದಿ ಇತ್ತು. ನಮ್ಮ ಮೂರ್ತಿಯಲ್ಲಿ ಹೆಬ್ಬೆರಳೂ ಮೊದಲೆರಡು ಬೆರಳುಗಳೂ ಕೂಡಿಕೊಂಡಿದ್ದವು. ನಡುವೆ ಒಂದು ತುತ್ತಿಗಷ್ಟೇ ಜಾಗ. ಮೇಡಂ ನಗೆಯನ್ನು ಪರೀಕ್ಷಿಸಿದರು. ಬೆರಳುಗಳನ್ನು ನೋಡಲಿಲ್ಲ.

ಆ ರೆಸ್ಟೋರೆಂಟಿಗೆ ಮೇಸ್ತ್ರಿ ಒಮ್ಮೆಯೂ ಹೋಗಲಿಲ್ಲ. ಮೂರು ನಾಲ್ಕು ವರ್ಷ ಕಳೆದ ಮೇಲೆ, ಕೆಮ್ಮು ವಿಪರೀತವಾಗಿ, ವೀಸಾ ಕ್ಯಾನ್ಸಲ್ ಮಾಡಿಸಿ 'ಖಲಾಸ್ ಮಾಷ್ಟ್ರೇ' ಎಂದು ಊರಿಗೆ ಹೊರಟರು. ವರ್ಷ ತುಂಬುವ ಮೊದಲೇ ತೀರಿಕೊಂಡರೆಂದು ತಿಳಿಯಿತು. ಅದೇ ಸ್ಮಶಾನ, ಬೇರೆ ಸಾಲು. ಹೆಂಡತಿಯ ಗುಂಡಿ ಅಷ್ಟರಲ್ಲಿ ಇನ್ನಾರಿಗೋ ಹೋಗಿತ್ತು.

ಊದ್ ಮೇಥಾದ ಆ ಊಟದಿಂದ ನಾನು ಅರ್ಧಕ್ಕೇ ಎದ್ದೆ. ನೇರವಾಗಿ ಆ ಹೋಟೆಲಿಗೆ ಹೋದೆ. ರೆಸ್ಟೋರೆಂಟಿನ ಜಾಗದಲ್ಲಿ ಈಗ ಜಪಾನಿನ ಊಟ ಬಡಿಸುತ್ತಾರೆ. ಬಾಗಿಲಲ್ಲಿ ಬಿದಿರು. ಕಾವಲಿನವನಿಗೆ ಕೈಸನ್ನೆಯಲ್ಲಿ ಆಕಾರ ಬರೆದು ಕೇಳಿದೆ: ಇಲ್ಲಿ ಇಬ್ಬರು ಮಲಗಿದ್ದರಲ್ಲ, ಗಂಡ ಹೆಂಡತಿ?

"ವೋ? ಮಾಫಿ ಚಾಚಾ. ಕಬ್ ಕಾ ಗಯಾ," ಎಂದ. ಈಗಿಲ್ಲ, ಎಂದೋ ಹೋಯಿತು ಎಂದು. ಹಳೆಯ ಸಾಮಾನೆಲ್ಲ ಒಂದೇ ಲಾರಿಯಲ್ಲಿ ಹೋಯಿತಂತೆ. ಎಲ್ಲಿಗೆ ಎಂದು ಕೇಳಿದ್ದಕ್ಕೆ ಮರುಭೂಮಿಯ ಕಡೆಗೆ, ಊರಿನ ಕಸ ಸುರಿಯುವ ದಿಕ್ಕಿಗೆ, ಗದ್ದ ತಿರುಗಿಸಿದ.

ಫೈಬರ್ ಕೊಳೆಯುವುದಿಲ್ಲ. ಎರಡು ಸಾವಿರ ವರ್ಷಗಳ ಬಳಿಕ ಯಾರೋ ಆ ಗುಡ್ಡವನ್ನು ಅಗೆದು, ಈ ಜೋಡಿಯನ್ನು ಹೊರತೆಗೆದು, ಪುಸ್ತಕ ಬರೆಯುತ್ತಾರೆ. ಮರಳುಗಾಡಿನ ಈ ನಗರಗಳಲ್ಲಿ ಗಂಡ ಹೆಂಡತಿ ಒಟ್ಟಿಗೆ ಕುಳಿತು ಉಣ್ಣುತ್ತಿದ್ದರು, ಅದು ದಾಂಪತ್ಯ ಸುಖದ ಸಮಾಜ, ನಗೆಯೇ ಅದಕ್ಕೆ ಸಾಕ್ಷಿ ಎಂದು. ತಳವನ್ನು ಒಡೆದು ನೋಡುವಷ್ಟು ಸಂಶಯ ಅವರಲ್ಲಿ ಯಾರಿಗಾದರೂ ಇರುತ್ತದೆಯೋ ಇಲ್ಲವೋ. ಎಟ್ರುಸ್ಕನ್ನರ ಆ ಮುಚ್ಚಳವನ್ನು ಮಾಡಿದವನೂ ತನ್ನಲ್ಲಿ ಇದ್ದದ್ದನ್ನು ಮಾಡಿದನೋ, ಇಲ್ಲದ್ದನ್ನೋ... ಯಾವ ಪುಸ್ತಕ ಹೇಳಿದರೂ ಇನ್ನು ನಾನು ನಂಬಲಾರೆ. ಆ ಕೈಯಲ್ಲಿ ಇದ್ದದ್ದು ಕುಡಿಕೆಯೆಂದೇ ಈಗಲೂ ನನ್ನ ವಾದ. ಎದುರುವಾದ ಮಾಡುವವರು ಇಲ್ಲ.

ಕಳೆದ ವಾರ ಕೊನೆಗೆ ನಮ್ಮ ಮನೆಯ ಬಾಗಿಲು ಹಾಕಿದೆ. ವಾಸನೆ ಆಗಲೇ ಒಳಗೆ ಸೇರಿತ್ತು. ಮಗಳು ತಟ್ಟೆ ಇಟ್ಟು ಕರೆದಳು.

"ಬನ್ನಿ ಪಪ್ಪಾ, ಮೀನು ಉಂಟು. ಫಿಲೆಟ್ ತಂದದ್ದು, ಮುಳ್ಳಿಲ್ಲ. ಹೆದ್ರಬೇಡಿ."

ಅವಳು ಫೋನಿನಲ್ಲಿ ಆಫೀಸಿನ ಮಾತು ಮುಂದುವರಿಸಿದಳು. ನಾನು ಒಬ್ಬನೇ ಉಣ್ಣಲು ಕುಳಿತೆ. ನನ್ನ ಹೆಬ್ಬೆರಳು ಮತ್ತು ಎರಡು ಬೆರಳುಗಳು ಕೂಡಿಕೊಂಡು, ತಮ್ಮಷ್ಟಕ್ಕೇ, ಆ ಬಿಳಿಯ ಮೆದು ಮಾಂಸದಲ್ಲಿ ಬಹಳ ಹೊತ್ತು ಹುಡುಕಿದವು. ಏನೂ ಇರಲಿಲ್ಲ.